ಸ್ಪಿಟ್‌ಫೈರ್‌ಗೆ ಆಗದ್ದು ಮಸ್ಟಾಂಗ್‌ಗೆ ಹೇಗೆ ಆಯಿತು? ಎಂಜಿನ್ ಒಂದೇ ಅಲ್ಲವೇ?

ಕಿಟಕಿಸೀಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಪಿ-51 ಮಸ್ಟಾಂಗ್ ಯುದ್ಧವಿಮಾನದ ಬಗ್ಗೆ ಎಲ್ಲಿ ಓದಿದರೂ ನನಗೆ ಒಂದೇ ಕಥೆ ಎದುರಾಗುತ್ತದೆ. ಅಮೆರಿಕದ ಅಲಿಸನ್ ಎಂಜಿನ್ ಇದ್ದಷ್ಟು ದಿನ ಅದು ಸಾಧಾರಣ ವಿಮಾನವಾಗಿತ್ತು, ಬ್ರಿಟನ್ನಿನ ರೋಲ್ಸ್-ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್ ಕೂರಿಸಿದ ಮೇಲೆ ಇಂಗ್ಲೆಂಡಿನಿಂದ ಹೊರಟು ಬಾಂಬರ್‌ಗಳಿಗೆ ಬೆಂಗಾವಲಾಗಿ ಬರ್ಲಿನ್‌ವರೆಗೆ ಹೋಗಿ ಬರುವ ಶಕ್ತಿ ಅದಕ್ಕೆ ಬಂತು ಎಂಬುದು ಆ ಕಥೆ. ಇದನ್ನು ಓದಿದಾಗಲೆಲ್ಲ ನನ್ನನ್ನು ಎರಡು ಸಂಶಯಗಳು ಕಾಡುತ್ತವೆ.

ಮೊದಲನೆಯದು, ಅದೇ ಮರ್ಲಿನ್ ಎಂಜಿನ್ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದಲ್ಲಿಯೂ ಇತ್ತಲ್ಲವೇ? ದೂರ ಹಾರುವ ಗುಣ ಎಂಜಿನ್ನಿನಿಂದ ಬಂದದ್ದಾದರೆ ಸ್ಪಿಟ್‌ಫೈರ್ ಯಾಕೆ ಜರ್ಮನಿಯ ಒಳನಾಡಿನವರೆಗೆ ಬೆಂಗಾವಲು ಹೋಗಲಿಲ್ಲ? ಎರಡನೆಯದು, ಮಸ್ಟಾಂಗ್‌ನ ಮೂಲಮಾದರಿ ಮೊದಲು ಹಾರಿದ್ದು 1940ರ ಅಕ್ಟೋಬರ್ 26ರಂದು, ಅದು ಯುರೋಪಿನಲ್ಲಿ ಬೆಂಗಾವಲಿಗೆ ಇಳಿದದ್ದು 1943ರ ಡಿಸೆಂಬರ್‌ನಲ್ಲಿ. ನಡುವೆ ಮೂರು ವರ್ಷ ಕಳೆದಿದೆ. ಆ ಮೂರು ವರ್ಷಗಳ ಕೊನೆಯಲ್ಲಿ, 1943ರ ಅಕ್ಟೋಬರ್ 14ರಂದು, ಜರ್ಮನಿಯ ಶ್ವೈನ್‌ಫುರ್ಟ್‌ನ ಬಾಲ್‌ಬೇರಿಂಗ್ ಕಾರ್ಖಾನೆಗಳ ಮೇಲೆ ಹೋದ 291 ಬಿ-17 ಬಾಂಬರ್‌ಗಳಲ್ಲಿ 60 ನಾಶವಾದವು. ಒಂದೊಂದರಲ್ಲಿ ಹತ್ತು ಜನ ಎಂದರೆ ಒಂದೇ ಮಧ್ಯಾಹ್ನದಲ್ಲಿ ಸುಮಾರು 600 ಮಂದಿ ಮರಳಲಿಲ್ಲ. ಮಸ್ಟಾಂಗ್ ಕೈಯಲ್ಲೇ ಇದ್ದಾಗ ಇಷ್ಟು ತಡವಾದದ್ದು ಯಾಕೆ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಹಳೇ ಮೆಕ್ಯಾನಿಕ್ ಉತ್ತರ:

ನಿಮ್ಮ ಮೊದಲ ಸಂಶಯ ನ್ಯಾಯವಾದದ್ದು. ಒಂದು ವಿಮಾನ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ತೀರ್ಮಾನಿಸುವುದು ಎಂಜಿನ್ನಿನ ಹೆಸರಲ್ಲ. ಅದು ಎಷ್ಟು ಇಂಧನ ಹೊರುತ್ತದೆ, ಗಂಟೆಗೆ ಎಷ್ಟು ಕುಡಿಯುತ್ತದೆ, ಆ ಗಂಟೆಯಲ್ಲಿ ಎಷ್ಟು ದೂರ ಸಾಗುತ್ತದೆ ಎಂಬ ಮೂರು ಲೆಕ್ಕಗಳು ಅದನ್ನು ತೀರ್ಮಾನಿಸುತ್ತವೆ. ನಾನು ವಿಮಾನ ದುರಸ್ತಿಯ ಕೆಲಸದಲ್ಲಿ ಬಹಳ ವರ್ಷ ಇದ್ದವನು. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರೂ ಮೊದಲು ಎಂಜಿನ್ನನ್ನೇ ನೋಡುತ್ತಿದ್ದರು, ಟ್ಯಾಂಕನ್ನು ಯಾರೂ ನೋಡುತ್ತಿರಲಿಲ್ಲ.

ಸ್ಪಿಟ್‌ಫೈರ್ ಮಾರ್ಕ್ 9ರ ಒಡಲಿನಲ್ಲಿ ಹಿಡಿಯುತ್ತಿದ್ದದ್ದು 85 ಬ್ರಿಟಿಷ್ ಗ್ಯಾಲನ್, ಅಂದರೆ ಸುಮಾರು 385 ಲೀಟರ್ ಪೆಟ್ರೋಲ್. ಶತ್ರು ತನ್ನ ಮನೆಯ ಮೇಲೆ ಬಂದಾಗ ಬೇಗ ಮೇಲೇರಿ ಹೊಡೆದಟ್ಟಲು ರೂಪಿಸಿದ ವಿಮಾನಕ್ಕೆ ಅಷ್ಟು ಸಾಕಾಗಿತ್ತು. ಮಸ್ಟಾಂಗ್‌ನ ಎರಡು ರೆಕ್ಕೆಗಳ ಟ್ಯಾಂಕುಗಳಲ್ಲೇ 184 ಅಮೆರಿಕನ್ ಗ್ಯಾಲನ್ ಹಿಡಿಯುತ್ತಿತ್ತು. ಪೈಲಟ್‌ನ ಸೀಟಿನ ಹಿಂದೆ 85 ಗ್ಯಾಲನ್ನಿನ ಇನ್ನೊಂದು ಟ್ಯಾಂಕ್ ಇಟ್ಟ ಮೇಲೆ ಒಟ್ಟು 269 ಗ್ಯಾಲನ್, ಸುಮಾರು 1,020 ಲೀಟರ್ ಆಯಿತು. ಸ್ಪಿಟ್‌ಫೈರ್‌ನ ಎರಡೂವರೆ ಪಟ್ಟಿಗಿಂತ ಹೆಚ್ಚು.

ಹಾಗಾದರೆ ಟ್ಯಾಂಕ್ ದೊಡ್ಡದಿದ್ದರೆ ಸಾಕೇ ಎಂದು ಕೇಳಬಹುದು. ಸಾಲದು. ಅಮೆರಿಕದ್ದೇ ಆದ ಪಿ-47 ಥಂಡರ್‌ಬೋಲ್ಟ್‌ನಲ್ಲಿ 305 ಗ್ಯಾಲನ್, ಅಂದರೆ ಮಸ್ಟಾಂಗ್‌ಗಿಂತ ಹೆಚ್ಚೇ ಇಂಧನವಿತ್ತು. ಆದರೆ ಅದರ ಪ್ರಾಟ್ ಅಂಡ್ ವಿಟ್ನಿ ಎಂಜಿನ್ 46 ಲೀಟರ್ ಗಾತ್ರದ, 18 ಸಿಲಿಂಡರಿನ ದೈತ್ಯ. ಮರ್ಲಿನ್ 27 ಲೀಟರ್ ಗಾತ್ರದ್ದು. ಕಡಾಯಿ ತುಂಬ ಅನ್ನ ಮಾಡಿದರೂ ಉಣ್ಣುವವರು ಇಮ್ಮಡಿ ಇದ್ದರೆ ಅದು ಎಷ್ಟು ಹೊತ್ತು ಬಂದೀತು?

ಇನ್ನು ಮೂರನೆಯ ಲೆಕ್ಕ, ಅಂದರೆ ಗಾಳಿಯನ್ನು ಸೀಳಿಕೊಂಡು ಹೋಗುವ ಸಲೀಸು. ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಯ ಮುಖ್ಯ ವಿನ್ಯಾಸಕಾರ ಎಡ್ಗರ್ ಶ್ಮ್ಯೂಡ್ ಅವರ ನಿಜವಾದ ಕೈಚಳಕ ಕಾಣುವುದು ಇಲ್ಲಿ. ರೆಕ್ಕೆಯ ಗರಿಷ್ಠ ದಪ್ಪವನ್ನು ಮುಂಭಾಗದಿಂದ ಹಿಂದಕ್ಕೆ ಸರಿಸಿ, ಗಾಳಿ ಆದಷ್ಟು ದೂರ ಪದರ ಕದಡದೆ ಹರಿಯುವಂತೆ ಮಾಡುವ ಲ್ಯಾಮಿನಾರ್ ಫ್ಲೋ ಆಕಾರವನ್ನು ಅವರ ತಂಡ ಆರಿಸಿಕೊಂಡಿತು. ಅದಕ್ಕಾಗಿ ರೆಕ್ಕೆಯ ಮುಂಭಾಗದ ಮೊಳೆ, ಸಂದುಗಳನ್ನು ಕಾರ್ಖಾನೆಯಲ್ಲಿ ಪುಟ್ಟಿ ಹಾಕಿ, ಉಜ್ಜಿ, ಬಣ್ಣ ಬಳಿಯುತ್ತಿದ್ದರು. ಯುದ್ಧಭೂಮಿಯಲ್ಲಿ ಕೆಸರು, ಧೂಳು, ಅಪ್ಪಳಿಸಿದ ಹುಳುಗಳಿಂದ ಆ ನಯವೆಲ್ಲ ಹೋಗುತ್ತಿತ್ತು ಎಂಬುದೂ ನಿಜ, ಆದ್ದರಿಂದ ಅದರ ಲಾಭವನ್ನು ಪುಸ್ತಕದಲ್ಲಿ ಹೇಳಿದಷ್ಟು ನಾನು ನಂಬುವುದಿಲ್ಲ. ಹೊಟ್ಟೆಯ ಕೆಳಗಿನ ರೇಡಿಯೇಟರ್ ಮಾತ್ರ ಗಟ್ಟಿಯಾದ ಗಳಿಕೆ. ಒಳಬಂದ ಗಾಳಿ ರೇಡಿಯೇಟರಿನ ಶಾಖದಿಂದ ಹಿಗ್ಗಿ ಹಿಂದಿನ ಕಿರಿದಾದ ಬಾಯಿಂದ ರಭಸವಾಗಿ ಹೊರಬೀಳುವುದರಿಂದ, ತಂಪು ಮಾಡಲು ತೆರಬೇಕಾದ ಎಳೆತದ ಬಹುಪಾಲು ವಾಪಸ್ ಸಿಗುತ್ತಿತ್ತು. ಒಟ್ಟು ಫಲವೇನೆಂದರೆ, ಒಂದೇ ಬಗೆಯ ಮರ್ಲಿನ್ ಇದ್ದರೂ, ಹೆಚ್ಚು ಭಾರವಿದ್ದ ಮಸ್ಟಾಂಗ್ ಸ್ಪಿಟ್‌ಫೈರ್‌ಗಿಂತ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗವಾಗಿ ಹೋಗುತ್ತಿತ್ತು. ಅಂದರೆ ಅಷ್ಟೇ ಪೆಟ್ರೋಲಿಗೆ ಹೆಚ್ಚು ದಾರಿ.

ರೆಕ್ಕೆಗಳ ಕೆಳಗೆ ತೂಗುಹಾಕುವ ಡ್ರಾಪ್ ಟ್ಯಾಂಕುಗಳ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಎಷ್ಟು ದೊಡ್ಡ ಡ್ರಾಪ್ ಟ್ಯಾಂಕ್ ಹಾಕಿದರೂ ಶತ್ರು ಕಂಡ ಕೂಡಲೇ ಅದನ್ನು ಕಳಚಿ ಬಿಸಾಡಲೇಬೇಕು, ಇಲ್ಲವಾದರೆ ಕಾದಾಡಲಾಗದು. ಹಾಗೆ ಬಿಸಾಡಿದ ಮೇಲೆ ಕಾಳಗಕ್ಕೂ ಮನೆಗೆ ಮರಳುವುದಕ್ಕೂ ಒಡಲಿನೊಳಗಿನ ಇಂಧನವೇ ಗತಿ. ಹೋಗುವ ದಾರಿಯನ್ನು ಡ್ರಾಪ್ ಟ್ಯಾಂಕ್ ಉದ್ದ ಮಾಡಬಹುದು, ಬರುವ ದಾರಿಯನ್ನು ಮಾಡಲಾರದು. ಸ್ಪಿಟ್‌ಫೈರ್‌ಗೆ ಡ್ರಾಪ್ ಟ್ಯಾಂಕ್ ಕಟ್ಟಿದರೂ ಬರ್ಲಿನ್ ಕೈಗೆಟುಕದೆ ಹೋದದ್ದು ಇದರಿಂದ.

ಸೀಟಿನ ಹಿಂದಿನ ಆ 85 ಗ್ಯಾಲನ್ ಕೂಡ ಪುಕ್ಕಟೆಯಾಗಿ ಬಂದದ್ದಲ್ಲ. ಟ್ಯಾಂಕ್ ತುಂಬಿದ್ದಾಗ ವಿಮಾನದ ತೂಕದ ಕೇಂದ್ರ ಹಿಂದಕ್ಕೆ ಸರಿದು, ಬಿಗಿಯಾಗಿ ತಿರುಗಿಸಿದರೆ ವಿಮಾನ ಪೈಲಟ್‌ನ ಹಿಡಿತ ಮೀರಿ ಇನ್ನೂ ಬಿಗಿಯಾಗಿ ತಿರುಗಿಕೊಳ್ಳುತ್ತಿತ್ತು. ಆದ್ದರಿಂದ ಮೇಲೇರಿದ ಬಳಿಕ ಮೊದಲು ಆ ಟ್ಯಾಂಕನ್ನೇ ಬಹುಪಾಲು ಖಾಲಿ ಮಾಡಿ, ಆಮೇಲೆ ಡ್ರಾಪ್ ಟ್ಯಾಂಕಿಗೆ ಬದಲಿಸುವ ಕ್ರಮವಿತ್ತು. ಟ್ಯಾಂಕ್ ಬದಲಿಸುವ ಮಾತು ಬಂದದ್ದರಿಂದ ಹೇಳುತ್ತೇನೆ: ಇಂಧನದಿಂದಲೇ ಹೆಸರು ಗಳಿಸಿದ ಈ ವಿಮಾನದ ಮೊಟ್ಟಮೊದಲ ಮಾದರಿ 1940ರ ನವೆಂಬರ್ 20ರಂದು ನೆಲಕ್ಕಪ್ಪಳಿಸಿದ್ದು, ಪರೀಕ್ಷಾ ಪೈಲಟ್ ಪಾಲ್ ಬಾಲ್ಫರ್ ಸಮಯಕ್ಕೆ ಸರಿಯಾಗಿ ಟ್ಯಾಂಕ್ ಬದಲಿಸದೆ ಎಂಜಿನ್ನಿಗೆ ಪೆಟ್ರೋಲ್ ನಿಂತುಹೋದದ್ದರಿಂದ. ಪುಣ್ಯಕ್ಕೆ ಅವರು ಬದುಕಿ ಉಳಿದರು.

ಮರ್ಲಿನಾಭಿಮಾನಿ ಉತ್ತರ:

ಮೆಕ್ಯಾನಿಕ್ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಮರ್ಲಿನ್‌ಗೆ ಅವರು ಕೊಟ್ಟ ಪಾಲು ಕಡಿಮೆಯಾಯಿತು. ಬಾಂಬರ್‌ಗಳು ಹಾರುತ್ತಿದ್ದದ್ದು ಸುಮಾರು 25,000 ಅಡಿ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಎಂಜಿನ್ನಿಗೆ ಪೆಟ್ರೋಲ್ ಎಷ್ಟಿದ್ದರೇನು, ಅದನ್ನು ಉರಿಸಲು ಗಾಳಿಯೂ ಅಷ್ಟೇ ಬೇಕು. ಮಸ್ಟಾಂಗ್‌ನ ಅಲಿಸನ್ ಎಂಜಿನ್ನಿಗಿದ್ದ ಒಂದೇ ಹಂತದ ಸೂಪರ್‌ಚಾರ್ಜರ್ ಸುಮಾರು 15,000 ಅಡಿಯವರೆಗೆ ಗಾಳಿಯನ್ನು ಒತ್ತಿ ತುಂಬಿಕೊಡುತ್ತಿತ್ತು, ಅದಕ್ಕಿಂತ ಮೇಲೆ ಸೊರಗುತ್ತಿತ್ತು. ಮರ್ಲಿನ್ 61ರಲ್ಲಿ ಎರಡು ಹಂತ, ಎರಡು ವೇಗದ ಸೂಪರ್‌ಚಾರ್ಜರ್ ಇತ್ತು; ಮೊದಲ ಹಂತ ಒತ್ತಿದ ಗಾಳಿಯನ್ನು ಎರಡನೆಯದು ಇನ್ನಷ್ಟು ಒತ್ತಿ, ಬಿಸಿಯಾದ ಆ ಗಾಳಿಯನ್ನು ಇಂಟರ್‌ಕೂಲರ್ ತಣಿಸಿ ಎಂಜಿನ್ನಿಗೆ ಕಳಿಸುತ್ತಿತ್ತು.

ಇವೆರಡನ್ನೂ ಒಂದುಗೂಡಿಸುವ ಯೋಚನೆ ಸರ್ಕಾರದ ಸಮಿತಿಯಲ್ಲಿ ಹುಟ್ಟಿದ್ದಲ್ಲ. 1942ರ ಏಪ್ರಿಲ್ 30ರಂದು ರೋಲ್ಸ್-ರಾಯ್ಸ್ ಕಂಪನಿಯ ಪರೀಕ್ಷಾ ಪೈಲಟ್ ರೊನಾಲ್ಡ್ ಹಾರ್ಕರ್ ಡಕ್ಸ್‌ಫರ್ಡ್‌ನಲ್ಲಿ ಅಲಿಸನ್ ಮಸ್ಟಾಂಗ್ ಒಂದನ್ನು ಹಾರಿಸಿ ನೋಡಿ, ಇಷ್ಟು ಒಳ್ಳೆಯ ಒಡಲಿಗೆ ಮರ್ಲಿನ್ 61 ಕೂರಿಸಿದರೆ ಏನಾಗಬಹುದು ಎಂದು ಬರೆದು ತಿಳಿಸಿದರು. ಅದೇ ವರ್ಷದ ಅಕ್ಟೋಬರ್ 13ರಂದು ಇಂಗ್ಲೆಂಡಿನಲ್ಲಿ ಮಾರ್ಪಡಿಸಿದ ಮೊದಲ ಮರ್ಲಿನ್ ಮಸ್ಟಾಂಗ್ ಹಾರಿತು, ನವೆಂಬರ್ 30ರಂದು ಅಮೆರಿಕದಲ್ಲಿಯೂ ಒಂದು ಹಾರಿತು. ಅಲ್ಲಿ ಕಾರು ತಯಾರಿಸುತ್ತಿದ್ದ ಡೆಟ್ರಾಯಿಟ್‌ನ ಪ್ಯಾಕಾರ್ಡ್ ಕಂಪನಿ ಪರವಾನಗಿಯ ಮೇಲೆ ಮರ್ಲಿನ್ ಎಂಜಿನ್‌ಗಳನ್ನು ರಾಶಿರಾಶಿಯಾಗಿ ತಯಾರಿಸಿತು. ಗಂಟೆಗೆ ಸುಮಾರು 615 ಕಿಲೋಮೀಟರ್ ಇದ್ದ ಗರಿಷ್ಠ ವೇಗ 700 ದಾಟಿತು, ಅದೂ ಬಾಂಬರ್‌ಗಳ ಎತ್ತರದಲ್ಲೇ. ಹಾಗಾಗಿ ದೂರ ಅಲಿಸನ್ ಕಾಲದ್ದೇ ಇರಬಹುದು, ಎತ್ತರ ಮರ್ಲಿನ್‌ನದು. ಎತ್ತರಕ್ಕೆ ಏರಲಾರದ ಬೆಂಗಾವಲಿನಿಂದ ಬಾಂಬರ್‌ಗೆ ಏನು ಪ್ರಯೋಜನ?

ಹಳೇ ಮೆಕ್ಯಾನಿಕ್:

ಎತ್ತರದ ವಿಷಯದಲ್ಲಿ ನಿಮ್ಮ ತಿದ್ದುಪಡಿಯನ್ನು ಒಪ್ಪಿಕೊಂಡೆ. ದೂರ ಅಲಿಸನ್ ಕಾಲದ್ದೇ ಎಂದಿರಲ್ಲ, ಅದಕ್ಕೆ ಸಾಕ್ಷಿ ಇಲ್ಲಿದೆ: 1942ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ವಾಯುಪಡೆಯ ಅಲಿಸನ್ ಮಸ್ಟಾಂಗ್‌ಗಳು ಡಾರ್ಟ್‌ಮುಂಡ್-ಎಮ್ಸ್ ಕಾಲುವೆಯವರೆಗೆ ಹೋಗಿ ದಾಳಿ ಮಾಡಿ ಬಂದವು. ಬ್ರಿಟನ್ನಿನಿಂದ ಹೊರಟು ಜರ್ಮನಿಯ ಗಡಿ ದಾಟಿದ ಮೊದಲ ಒಂಟಿ ಎಂಜಿನ್ ಯುದ್ಧವಿಮಾನಗಳು ಅವು.

ದಫ್ತರದ ಧೂಳು ಉತ್ತರ:

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನನ್ನ ಅಭಿಪ್ರಾಯದಲ್ಲಿ ಈ ಕಥೆಯ ಮುಖ್ಯ ಭಾಗವೇ ಇದು, ಮತ್ತು ಇದರಲ್ಲಿ ಯಂತ್ರಕ್ಕಿಂತ ಮನುಷ್ಯರ ಪಾತ್ರ ದೊಡ್ಡದು.

ಮಸ್ಟಾಂಗ್ ಅಮೆರಿಕದ ಸೇನೆ ಕೇಳಿ ಮಾಡಿಸಿದ ವಿಮಾನವಲ್ಲ. 1940ರ ಆರಂಭದಲ್ಲಿ ಬ್ರಿಟನ್ನಿನ ಖರೀದಿ ಆಯೋಗ ನಾರ್ತ್ ಅಮೆರಿಕನ್ ಕಂಪನಿಯ ಮುಖ್ಯಸ್ಥ ಜೇಮ್ಸ್ ಕಿಂಡಲ್‌ಬರ್ಗರ್ ಅವರ ಬಳಿ ಹೋಗಿ, ಕರ್ಟಿಸ್ ಕಂಪನಿಯ ಪಿ-40 ವಿಮಾನಗಳನ್ನು ನೀವೂ ತಯಾರಿಸಿಕೊಡಿ ಎಂದು ಕೇಳಿತು. ಹಳೆಯ ವಿಮಾನವೇಕೆ, ಅದೇ ಎಂಜಿನ್ ಇಟ್ಟುಕೊಂಡು ಹೊಸದೊಂದನ್ನು ನಾವೇ ಮಾಡಿಕೊಡುತ್ತೇವೆ ಎಂದು ಕಂಪನಿ ಒಪ್ಪಿಸಿತು. ಒಪ್ಪಂದವಾಗಿ 102 ದಿನಗಳಲ್ಲಿ ಒಡಲು ಸಿದ್ಧವಾಗಿ ಹೊರಬಂತು. ಅಲಿಸನ್ ಎಂಜಿನ್ ಇನ್ನೂ ಬಂದಿರಲಿಲ್ಲ, ಚಕ್ರಗಳನ್ನು ತಮ್ಮದೇ ತರಬೇತಿ ವಿಮಾನದಿಂದ ಎರವಲು ತಂದು ಹಾಕಿದ್ದರು. ಹೀಗೆ ಹುಟ್ಟಿದ ಕೂಸಿಗೆ ಮಸ್ಟಾಂಗ್ ಎಂಬ ಹೆಸರನ್ನೂ ಬ್ರಿಟಿಷರೇ ಇಟ್ಟರು. ಅಮೆರಿಕದ ಸೇನೆಯ ವಿಮಾನ ಪರೀಕ್ಷೆಗಳು ನಡೆಯುತ್ತಿದ್ದ ರೈಟ್ ಫೀಲ್ಡ್‌ಗೆ ಎರಡು ವಿಮಾನಗಳು ಹೋದವು ನಿಜ, ಆದರೆ ಅಲ್ಲಿನ ಅಧಿಕಾರಿಗಳಿಗೆ ಅದು ಪರರ ಮಗು. 1942ರಲ್ಲಿ ಯುದ್ಧವಿಮಾನದ ಹಣ ಮುಗಿದು, ಗುರಿಯ ಮೇಲೆ ಕಡಿದಾಗಿ ಎರಗಿ ಬಾಂಬ್ ಹಾಕುವ ಡೈವ್ ಬಾಂಬರ್‌ಗಳಿಗೆ ಹಣ ಉಳಿದಿದ್ದಾಗ, ಉತ್ಪಾದನೆ ನಿಲ್ಲದಿರಲೆಂದು ಮಸ್ಟಾಂಗ್‌ನ ರೆಕ್ಕೆಗಳಿಗೆ ವೇಗತಡೆಯ ಹಲಗೆಗಳನ್ನು ಜೋಡಿಸಿ ಎ-36 ಎಂಬ ಡೈವ್ ಬಾಂಬರ್ ಮಾಡಿದರು. ಅಂಥವು 500 ತಯಾರಾದವು. ಸರ್ಕಾರಿ ಲೆಕ್ಕದ ಒಂದು ಶೀರ್ಷಿಕೆಯಲ್ಲಿ ಹಣವಿಲ್ಲದಿದ್ದರೆ ಇನ್ನೊಂದರಲ್ಲಿ ತೋರಿಸಿ ಕೆಲಸ ಮುಂದುವರಿಸುವ ಜಾಣ್ಮೆ ನಮ್ಮ ಕಚೇರಿಗಳಿಗೆ ಮಾತ್ರ ಮೀಸಲಲ್ಲ ಎಂದು ಓದಿ ನಕ್ಕಿದ್ದೆ.

ಅದಕ್ಕಿಂತ ದೊಡ್ಡ ಅಡ್ಡಿಯೆಂದರೆ ಒಂದು ನಂಬಿಕೆ. ಹತ್ತಾರು ಮೆಷಿನ್‌ಗನ್ ಹೊತ್ತ ಬಾಂಬರ್‌ಗಳು ಒತ್ತೊತ್ತಾಗಿ ಸಾಲುಗಟ್ಟಿ ಹೋದರೆ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ ಎಂದು ಅಮೆರಿಕದ ವಾಯುಸೇನೆ ಯುದ್ಧಕ್ಕೆ ಮೊದಲೇ ನಿಶ್ಚಯಿಸಿಕೊಂಡಿತ್ತು. ಆ ನಿಶ್ಚಯ ಮುರಿಯಲು 1943ರ ಆಗಸ್ಟ್ 17ರಂದು ಶ್ವೈನ್‌ಫುರ್ಟ್ ಮತ್ತು ರೆಗೆನ್ಸ್‌ಬುರ್ಗ್ ಮೇಲೆ ಹೋಗಿ 60 ಬಾಂಬರ್‌ಗಳನ್ನು ಕಳೆದುಕೊಳ್ಳಬೇಕಾಯಿತು, ನೀವು ಹೇಳಿದ ಅಕ್ಟೋಬರ್‌ನಲ್ಲಿ ಇನ್ನೊಂದು 60 ಬೇಕಾಯಿತು. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು ಎಂದಲ್ಲ. ಲಂಡನ್ನಿನಲ್ಲಿದ್ದ ಅಮೆರಿಕದ ಸೇನಾ ಪ್ರತಿನಿಧಿ, ಹೆಸರಾಂತ ಪೋಲೋ ಆಟಗಾರ ಥಾಮಸ್ ಹಿಚ್‌ಕಾಕ್, ಮರ್ಲಿನ್ ಮಸ್ಟಾಂಗ್‌ಗಾಗಿ 1942ರಿಂದಲೇ ವಾದಿಸುತ್ತ ಬಂದಿದ್ದರು. 1944ರ ಏಪ್ರಿಲ್‌ನಲ್ಲಿ ಅದೇ ವಿಮಾನವನ್ನು ಪರೀಕ್ಷಿಸುತ್ತಿದ್ದಾಗ ಅವರು ತೀರಿಕೊಂಡರು. 1943ರ ಜೂನ್ ಹೊತ್ತಿಗೆ ವಾಯುಸೇನೆಯ ಮುಖ್ಯಸ್ಥ ಹೆನ್ರಿ ಆರ್ನಾಲ್ಡ್ ಅವರೇ ಬೆಂಗಾವಲು ವಿಮಾನ 1944ರ ಜನವರಿಯೊಳಗೆ ಬೇಕೇ ಬೇಕೆಂದು ಆಜ್ಞೆ ಮಾಡಿದರು. ಸೀಟಿನ ಹಿಂದಿನ ಟ್ಯಾಂಕಿಗೆ ಚಾಲನೆ ಸಿಕ್ಕಿದ್ದು ಆ ಒತ್ತಡದಲ್ಲಿ.

ಅಷ್ಟಾದರೂ ಮೊದಲ ಮರ್ಲಿನ್ ಮಸ್ಟಾಂಗ್ ದಳವನ್ನು ಬಾಂಬರ್‌ಗಳಿದ್ದ ಎಂಟನೇ ವಾಯುಸೇನೆಗೆ ಕೊಡದೆ, ನೆಲದ ಸೈನ್ಯಕ್ಕೆ ನೆರವಾಗಬೇಕಿದ್ದ ಒಂಬತ್ತನೆಯದಕ್ಕೆ ಸೇರಿಸಿದರು! ಇಂಗ್ಲೆಂಡಿನ ಬಾಕ್ಸ್‌ಟೆಡ್‌ನಲ್ಲಿದ್ದ ಆ 354ನೇ ದಳ 1943ರ ಡಿಸೆಂಬರ್ 1ರಂದು ಮೊದಲ ಕಾರ್ಯಾಚರಣೆಗೆ ಹೋಯಿತು, 13ರಂದು ಜರ್ಮನಿಯ ಕೀಲ್‌ವರೆಗೆ ಬೆಂಗಾವಲಾಗಿ ಹೋಗಿ ಬಂತು. ಆಡಳಿತದಲ್ಲಿ ಒಂಬತ್ತನೆಯದಕ್ಕೆ ಸೇರಿದ್ದರೂ ಕೆಲಸ ಮಾಡಿದ್ದು ಎಂಟನೆಯದರ ಬಾಂಬರ್‌ಗಳಿಗಾಗಿ.

1944ರ ಜನವರಿಯಲ್ಲಿ ಎಂಟನೇ ವಾಯುಸೇನೆಗೆ ಮುಖ್ಯಸ್ಥರಾಗಿ ಜಿಮ್ಮಿ ಡೂಲಿಟಲ್ ಬಂದು ಇನ್ನೊಂದು ಬದಲಾವಣೆ ಮಾಡಿದರು. ಅಲ್ಲಿಯವರೆಗೆ ಬೆಂಗಾವಲು ವಿಮಾನಗಳು ಬಾಂಬರ್‌ಗಳ ಪಕ್ಕ ಬಿಟ್ಟು ಕದಲಬಾರದೆಂದಿತ್ತು. ಡೂಲಿಟಲ್ ಅವನ್ನು ಬಿಡುಗಡೆ ಮಾಡಿ, ಜರ್ಮನ್ ಯುದ್ಧವಿಮಾನಗಳನ್ನು ಹುಡುಕಿಕೊಂಡು ಹೋಗಿ ಹೊಡೆಯಿರಿ, ನೆಲದ ಮೇಲೆ ಸಿಕ್ಕರೂ ಬಿಡಬೇಡಿ ಎಂದರು. ತಮ್ಮ ಪಕ್ಕದ ರಕ್ಷಣೆ ಹೋಯಿತೆಂದು ಬಾಂಬರ್ ಪಡೆಯವರು ಸಿಟ್ಟಾದರು, ಅವರ ಜಾಗದಲ್ಲಿ ನಾನಿದ್ದರೂ ಆಗುತ್ತಿದ್ದೆ. ಆದರೆ ಜರ್ಮನಿ ವಿಮಾನಗಳನ್ನು ಮತ್ತೆ ತಯಾರಿಸಬಲ್ಲದಾಗಿತ್ತು, ನುರಿತ ಪೈಲಟ್‌ಗಳನ್ನು ಅಷ್ಟೇ ಬೇಗ ತಯಾರಿಸಲಾರದಾಗಿತ್ತು. ಆ ನಷ್ಟವನ್ನು ಅದು ಕೊನೆಗೂ ತುಂಬಿಕೊಳ್ಳಲಿಲ್ಲ.

ಎಲ್ಲ ಕೀರ್ತಿಯೂ ಮಸ್ಟಾಂಗ್‌ಗೆ ಸಲ್ಲುವುದು ಅನ್ಯಾಯ ಎಂಬುದನ್ನೂ ಸೇರಿಸುತ್ತೇನೆ. ಫೆಬ್ರವರಿ 20ರಿಂದ 25ರವರೆಗೆ ಜರ್ಮನಿಯ ವಿಮಾನ ಕಾರ್ಖಾನೆಗಳ ಮೇಲೆ ನಡೆದ ದೊಡ್ಡ ದಾಳಿಗಳ ವಾರದಲ್ಲಿ ಮಸ್ಟಾಂಗ್ ದಳಗಳು ಬೆರಳೆಣಿಕೆಯಷ್ಟಿದ್ದವು, ಬೆಂಗಾವಲಿನ ಬಹುಪಾಲು ಭಾರ ಹೊತ್ತದ್ದು ಥಂಡರ್‌ಬೋಲ್ಟ್. ಮಾರ್ಚ್ 6ರಂದು ಬರ್ಲಿನ್ ಮೇಲೆ ಮೊದಲ ದೊಡ್ಡ ಹಗಲು ದಾಳಿ ನಡೆದಾಗ ಮಸ್ಟಾಂಗ್‌ಗಳು ಜೊತೆಗಿದ್ದರೂ 69 ಬಾಂಬರ್‌ಗಳು ಮರಳಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಮಾತ್ರ ಎಂಟನೇ ವಾಯುಸೇನೆಯ 15 ಯುದ್ಧವಿಮಾನ ದಳಗಳಲ್ಲಿ 14 ಮಸ್ಟಾಂಗ್‌ಗೆ ಬದಲಾಗಿದ್ದವು.

ಕಿಟಕಿಸೀಟು:

ಎಲ್ಲರಿಗೂ ಕೃತಜ್ಞತೆಗಳು. ಡ್ರಾಪ್ ಟ್ಯಾಂಕ್ ಹೋಗುವ ದಾರಿಯನ್ನು ಮಾತ್ರ ಉದ್ದ ಮಾಡುತ್ತದೆ ಎಂಬ ವಿವರಣೆಯಿಂದ ನನ್ನ ಮೊದಲ ಸಂಶಯ ಪೂರ್ತಿ ಹೋಯಿತು. ಇನ್ನೊಂದು ಸಣ್ಣ ಪ್ರಶ್ನೆ. ಯುದ್ಧಕಾಲದಲ್ಲಿ ಈ ವಿಮಾನಗಳು ನಮ್ಮ ದೇಶಕ್ಕೆ ಬಂದಿದ್ದವೇ? ಬೆಂಗಳೂರಿನ ವಿಮಾನ ಕಾರ್ಖಾನೆಗೂ ಇವಕ್ಕೂ ಏನಾದರೂ ನಂಟಿದೆಯೇ?

ಬರಾಕ್ ಕಣಿವೆ ಉತ್ತರ:

ಬಂದಿದ್ದವು. ನಾನು ಕೆಲಸದ ಮೇಲೆ ಕೆಲವು ವರ್ಷ ಅಸ್ಸಾಮಿನಲ್ಲಿದ್ದೆ, ಆ ಕಾರಣದಿಂದ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು.

1943ರಲ್ಲಿ ಅಮೆರಿಕದ 311ನೇ ದಳ ಎ-36 ಮತ್ತು ಪಿ-51ಎ ವಿಮಾನಗಳೊಂದಿಗೆ ಅಸ್ಸಾಮಿಗೆ ಬಂತು. ಮೇಲಿನ ಅಸ್ಸಾಮಿನ ದಿನ್‌ಜಾನ್ ಅದರ ನೆಲೆಗಳಲ್ಲೊಂದು. ಇವೆರಡೂ ಅಲಿಸನ್ ಎಂಜಿನ್ನಿನ ಮಾದರಿಗಳು. ಬರ್ಮಾದಲ್ಲಿ ನೆಲದ ಸೈನ್ಯಕ್ಕೆ ನೆರವಾಗಲು ಎತ್ತರಕ್ಕೆ ಏರಬೇಕಾಗಿರಲಿಲ್ಲ, ದೂರ ಹೋಗಬೇಕಾಗಿತ್ತು, ಆದ್ದರಿಂದ ಯುರೋಪಿನಲ್ಲಿ ಕೊರತೆಯೆನಿಸಿದ್ದು ಇಲ್ಲಿ ಅಷ್ಟಾಗಿ ತೊಡಕಾಗಲಿಲ್ಲ. 1944ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಡ್ ವಿಂಗೇಟ್ ಅವರ, ಶತ್ರುವಿನ ಬೆನ್ನ ಹಿಂದೆ ಕಾದಾಡುವ ಚಿಂಡಿಟ್ ಪಡೆ ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಬರ್ಮಾದ ಕಾಡಿನ ನಡುವೆ ಇಳಿದಾಗ, ಅವರಿಗೆ ಆಕಾಶದ ಫಿರಂಗಿಯಂತೆ ಒದಗಿದ್ದು ಬರಾಕ್ ಕಣಿವೆಯ ಹೈಲಾಕಾಂಡಿಯಲ್ಲಿದ್ದ ಫಿಲಿಪ್ ಕಾಕ್ರನ್ ನೇತೃತ್ವದ ಏರ್ ಕಮಾಂಡೋ ದಳದ ಪಿ-51ಎ ವಿಮಾನಗಳು ಮತ್ತು ಬಿ-25 ಬಾಂಬರ್‌ಗಳು.

ಬೆಂಗಳೂರಿನ ಮಾತಿಗೆ ಬಂದರೆ, 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದೊಂದಿಗೆ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಹೋಗಿ, ಪೂರ್ವದ ರಣರಂಗದ ದೊಡ್ಡ ದುರಸ್ತಿ ಕೇಂದ್ರಗಳಲ್ಲೊಂದಾಯಿತು. ಕ್ಯಾಟಲಿನಾ ಹಾರುವ ದೋಣಿಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ದುರಸ್ತಿಗೆ ಬರುತ್ತಿದ್ದವು. ಇಂದಿನ ಆ ಕೆರೆಯನ್ನು ನೋಡಿದವರಿಗೆ ಇದು ನಂಬಲು ಕಷ್ಟವಾದೀತು. ಆದರೆ ಎಲ್ಲ ಕಥೆಯನ್ನೂ ಬೆಂಗಳೂರಿಗೆ ತಂದು ಕಟ್ಟುವ ಚಟ ನಮಗೆ ಬೇಡ. ಮಸ್ಟಾಂಗ್‌ನ ಭಾರತದ ಕಥೆ ಅಸ್ಸಾಮ್ ಮತ್ತು ಬಂಗಾಳದ್ದು.

ಬಂಗಾಳ ಎಂದೆನಲ್ಲ, ಅದು ನಿಮ್ಮ ಮೊದಲ ಪ್ರಶ್ನೆಗೆ ಸಂಬಂಧಿಸಿದ್ದು. 1943ರ ನವೆಂಬರ್ ಕೊನೆಯ ವಾರದಲ್ಲಿ 311ನೇ ದಳದ ಪಿ-51ಎ ವಿಮಾನಗಳು ಢಾಕಾ ಬಳಿಯ ಕುರ್ಮಿಟೋಲಾ ನೆಲೆಗೆ ಬಂದು, ರೆಕ್ಕೆಗಳಿಗೆ ಡ್ರಾಪ್ ಟ್ಯಾಂಕ್ ಕಟ್ಟಿಕೊಂಡು, ಬಾಂಬರ್‌ಗಳ ಬೆಂಗಾವಲಿಗೆ ರಂಗೂನಿನವರೆಗೆ ಹೋದವು. ಅಲ್ಲಿ ಜಪಾನೀಯರ ಎದುರು ಅವು ಕಳೆದುಕೊಂಡದ್ದೂ ಕಡಿಮೆಯೇನಲ್ಲ. ಇದು ನಡೆದದ್ದು ಇಂಗ್ಲೆಂಡಿನ ಬಾಕ್ಸ್‌ಟೆಡ್‌ನಿಂದ ಮೊದಲ ಮರ್ಲಿನ್ ಮಸ್ಟಾಂಗ್ ಕಾರ್ಯಾಚರಣೆಗೆ ಹೊರಡುವುದಕ್ಕೆ ಕೆಲವು ದಿನ ಮೊದಲು.

ಮರ್ಲಿನಾಭಿಮಾನಿ:

ಹಾಗಾದರೆ ಬಾಕ್ಸ್‌ಟೆಡ್‌ಗಿಂತ ಮೊದಲೇ ಬಂಗಾಳದ ನೆಲದಿಂದ ಮಸ್ಟಾಂಗ್ ದೂರದ ಬೆಂಗಾವಲಿಗೆ ಹೊರಟಿತ್ತು, ಅದೂ ಅಲಿಸನ್ ಎಂಜಿನ್ನಿನಲ್ಲಿ. ಮೆಕ್ಯಾನಿಕ್ ಅವರೇ, ದೂರದ ವಾದದಲ್ಲಿ ನೀವು ಗೆದ್ದಿರಿ. ಎತ್ತರದ ವಾದವನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.